ಬಣ್ಣ ಬಿಡುವ ಗಂಟೆಪೊದೆ

ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುವುದು ಅಂಟಕ್ಕನ ಉದ್ಯೋಗ. ಹೆಸರೂ ಹಾಗೆಯೇ ಅಂಟಿಕೊಂಡದ್ದು. ಸಸ್ಯ ಸಂಗ್ರಹಾಲಯದ ಎರಡನೆಯ ಮಹಡಿಯಲ್ಲಿ, ನುಸಿಗುಳಿಗೆಯ ವಾಸನೆ ಹೊಡೆಯುವ ಉದ್ದನೆಯ ಕೋಣೆಯಲ್ಲಿ, ಮೂವತ್ನಾಲ್ಕು ವರ್ಷಗಳಿಂದ ಅವಳು ಕೊಂಬೆ, ಎಲೆ, ಹೂಗಳನ್ನು ದಪ್ಪ ಹಾಳೆಯ ಮೇಲೆ ಮಲಗಿಸಿ, ಗೋಂದು ಸವರಿ, ಮರಳಿನ ಚೀಲ ಹೇರಿ, ಒಣಗಿದ ಮೇಲೆ ಕಬ್ಬಿಣದ ಬೀರುಗಳಿಗೆ ಸೇರಿಸುತ್ತಿದ್ದಳು. ಗಿಡ ಯಾವುದೆಂದು ಹೇಳುವುದು ವಿಜ್ಞಾನಿಗಳ ಕೆಲಸ. ಅವರು ಹೇಳುತ್ತಿದ್ದರು, ಇವಳು ಅಂಟಿಸುತ್ತಿದ್ದಳು.

ಆ ಬೀರುಗಳಲ್ಲಿ ಏಳನೆಯದೆಂದರೆ ಅವಳಿಗೆ ಪ್ರಾಣ. ಅದರಲ್ಲಿದ್ದದ್ದು ಗಂಟೆಪೊದೆಗಳು, ಅಂದರೆ ಗಂಟೆಯಾಕಾರದ ಹೂ ಬಿಡುವ ಕುರುಚಲು ಗಿಡಗಳ ಒಂದು ದೊಡ್ಡ ಗುಂಪು. ಅವುಗಳಿಗೆ ಮೊಳದುದ್ದದ ಲ್ಯಾಟಿನ್ ಹೆಸರಿತ್ತು; ಅದು ಆಗಾಗ ಬದಲಾಗುತ್ತಿದ್ದುದರಿಂದ ನಾವು ಬಾಯಿಪಾಠ ಮಾಡಬೇಕಾಗಿಲ್ಲ. ಅವಳು ಕೆಲಸಕ್ಕೆ ಸೇರಿದಾಗ ಅವೆಲ್ಲ ಒಂದೇ ಕುಲ. ಐದು ವರ್ಷ ಕಳೆಯುವಷ್ಟರಲ್ಲಿ ಯಾರೋ ಕೇಸರಗಳನ್ನು ಎಣಿಸಿ ಮೂರು ಮಾಡಿದರು. ಇನ್ಯಾರೋ ಬೀಜ ಕೊಯ್ದು ನೋಡಿ ಮೂರನ್ನೂ ಮತ್ತೆ ಒಂದುಗೂಡಿಸಿ, ಒಟ್ಟಾಗಿ ಬೇರೊಂದು ಕುಟುಂಬಕ್ಕೆ ಸೇರಿಸಿದರು. ಅಣ್ಣತಮ್ಮಂದಿರು ಪಾಲಾಗಿ, ಮತ್ತೆ ರಾಜಿಯಾಗಿ, ಎಲ್ಲರೂ ಸೇರಿ ಮನೆ ಬದಲಿಸಿದ ಹಾಗೆ. ಪ್ರತಿ ಸಲವೂ ಸಾಮಾನು ಹೊತ್ತವಳು ಅಂಟಕ್ಕ. ಈಗ ವಂಶವಾಹಿಗಳ ಪರೀಕ್ಷೆ ಬಂದು, ಗಂಟೆಪೊದೆ ಒಂದು ಕುಲವಲ್ಲ, ಎರಡು ಎಂದು ತೀರ್ಮಾನವಾಗಿತ್ತು. ಯಾವ ಹಾಳೆ ಯಾವ ಕುಲಕ್ಕೆ ಎಂಬ ಪಟ್ಟಿ ಹಿಡಿದು ಹೊಸ ವಿಜ್ಞಾನಿಯೊಬ್ಬಳು ಬಂದಿದ್ದಳು, ಅಂಟಕ್ಕನಿಗೆ ಮಗಳಾಗುವ ವಯಸ್ಸಿನವಳು.

ಈ ಪಾಲಿಗೆ ಮೂರು ದಿನ ಗೊತ್ತುಮಾಡಿದ ಸಂಗ್ರಹಾಲಯದ ಮುಖ್ಯಸ್ಥರು, ಒಂದೇ ಒಂದು ಹಾಳೆ ಅಕ್ಷರಕ್ರಮ ತಪ್ಪಿ ಸಿಕ್ಕಿದರೂ ಬೀರುವಿನ ಕೀಲಿ ಬೇರೆಯವರ ಕೈಗೆ ಹೋಗುತ್ತದೆ ಎಂದು ಮೊದಲೇ ಸಾರಿದ್ದರು. ಅಂಟಕ್ಕನ ನಿವೃತ್ತಿಗೆ ನಾಲ್ಕೇ ತಿಂಗಳು. ಕೀಲಿಯನ್ನು ತಾನಾಗಿ ಒಪ್ಪಿಸಿ ಮರ್ಯಾದೆಯಿಂದ ಹೋಗಬೇಕೆಂಬುದೊಂದೇ ಅವಳ ಆಸೆ. ಆದರೆ ಆ ಬೀರುವಿನಲ್ಲಿ ಅಕ್ಷರಕ್ರಮ ತಪ್ಪಿ ಇಪ್ಪತ್ತೆರಡು ವರ್ಷವಾಗಿತ್ತು.

ಕಾರಣ ಇಷ್ಟೇ. ಗೋಂದಿನ ಪಸೆ ತಾಗಿದರೆ ಕೆಲವು ಗಂಟೆಪೊದೆಗಳ ಕಡ್ಡಿ ಇಟ್ಟಿಗೆ ಬಣ್ಣ ಬಿಡುತ್ತಿತ್ತು. ತನ್ನ ಹಾಳೆ ಕೆಡಿಸಿದ್ದು ಸಾಲದೆಂದು ಪಕ್ಕದ ಹಾಳೆಯನ್ನೂ ಕೆಡಿಸುತ್ತಿತ್ತು. ಆಗಿನ ಅಧಿಕಾರಿಗೆ ಹೇಳಿದರೆ, ಕ್ರಮ ಅಂದರೆ ಕ್ರಮ ಎಂದು ಗದರಿದರು. ಆಯಿತೆಂದು ತಲೆಯಾಡಿಸಿ ಬಂದ ಅಂಟಕ್ಕ ಬಣ್ಣ ಬಿಡುವವನ್ನೆಲ್ಲ ಆರಿಸಿ ಕೆಳಗಿನ ಖಾನೆಗಳಿಗೆ ಹಾಕಿದಳು, ಬಿಡದವನ್ನು ಮೇಲಿನವಕ್ಕೆ. ಗುಟ್ಟು ರಟ್ಟಾಗಲಿಲ್ಲ; ಯಾರು ಹಾಳೆ ಕೇಳಿಕೊಂಡು ಬಂದರೂ ಅವಳು ಕುರ್ಚಿ ಎಳೆದು ಕೂರಿಸಿ, ತಾನೇ ಹೋಗಿ ತಂದುಕೊಡುತ್ತಿದ್ದಳು. ಇಷ್ಟು ಉಪಚಾರ ಮಾಡುವ ಸಿಬ್ಬಂದಿ ಎಲ್ಲಿಯೂ ಇಲ್ಲವೆಂದು ಸಂದರ್ಶಕರ ಪುಸ್ತಕದಲ್ಲಿ ಹೊಗಳಿ ಬರೆದವರೂ ಇದ್ದಾರೆ.

ಪಾಲಿನ ದಿನ ಬರುವುದರೊಳಗೆ ಸದ್ದಿಲ್ಲದೆ ಎಲ್ಲವನ್ನೂ ಕ್ರಮಕ್ಕೆ ತಂದುಬಿಡೋಣ ಎಂದುಕೊಂಡಿದ್ದಳು. ಅಷ್ಟರಲ್ಲಿ ದವಡೆ ಹಲ್ಲು ಕೈಕೊಟ್ಟಿತು. ರಜೆ ಹಾಕಿ, ಹಲ್ಲು ಕೀಳಿಸಿಕೊಂಡು ಮಧ್ಯಾಹ್ನ ಮನೆಯಲ್ಲಿ ಮಲಗಿದ್ದಾಗ ಜೊತೆಯ ಕೆಲಸದವಳ ಫೋನು ಬಂತು. ಹೊಸ ಮೇಡಂ ಆಫೀಸಿನಿಂದ ಇನ್ನೊಂದು ಕೀಲಿ ಇಸಿದುಕೊಂಡು ಏಳನೆಯ ಬೀರು ತೆಗೆದಿದ್ದಾರೆ, ಬೆಳಗಿನಿಂದ ಅಲ್ಲೇ ಕೂತಿದ್ದಾರೆ ಎಂದಳು. ಅಂಟಕ್ಕ ಎದ್ದು ಕೂತಳು. ಗಡಿಯಾರ ರಿಪೇರಿ ಮಾಡುವ ಗಂಡನ ಮುಂದೆ ಮೊದಲ ಸಲ ಎಲ್ಲವನ್ನೂ ತೋಡಿಕೊಂಡಳು. ಇಪ್ಪತ್ತೆರಡು ವರ್ಷ ನನಗೂ ಹೇಳದೆ ಇಟ್ಟುಕೊಂಡಿದ್ದೀಯಲ್ಲ, ನಿನ್ನ ಹೊಟ್ಟೆಯಲ್ಲಿ ಇನ್ನೂ ಏನೇನಿದೆಯೋ ಎಂದು ಆತ ನಕ್ಕ. ಆಮೇಲೆ, ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು ಎಂದ.

ಮರುದಿನ ಅಂಟಕ್ಕ ಊದಿದ ಕೆನ್ನೆ ಹೊತ್ತುಕೊಂಡೇ ಹೋದಳು. ವಿಜ್ಞಾನಿ ನೆಲದ ಮೇಲೆ ಹಾಳೆಗಳ ನಡುವೆ ಚಕ್ಕಂಬಕ್ಕಲ ಹಾಕಿ ಕೂತಿದ್ದಳು.

“ಅಕ್ಕಾ, ಇವನ್ನ ಹೀಗೆ ಬೇರೆ ಬೇರೆ ಇಟ್ಟಿದ್ದು ಯಾರು?”

“ನಾನೇ ಮೇಡಂ. ತಪ್ಪಾಯ್ತು.”

“ಏನು ನೋಡಿ ಬೇರೆ ಮಾಡಿದ್ರಿ?”

“ನೋಡೋದೇನು ಬಂತು? ಇವು ಬಣ್ಣ ಬಿಡ್ತವೆ, ಅವು ಬಿಡಲ್ಲ. ಅಷ್ಟೇ.”

ವಿಜ್ಞಾನಿ ತನ್ನ ಪಟ್ಟಿಯನ್ನು ಅವಳ ಮುಂದೆ ಹಿಡಿದಳು. ನೂರ ಎಂಬತ್ತಾರು ಹಾಳೆ, ಎರಡು ವರ್ಷ ಪ್ರಯೋಗಾಲಯದಲ್ಲಿ ಬೆವರು ಸುರಿಸಿ ಮಾಡಿದ ಪಟ್ಟಿ. ಕೆಳಗಿನ ಖಾನೆಗಳಲ್ಲಿದ್ದವು ಒಂದು ಕುಲ, ಮೇಲಿನವು ಇನ್ನೊಂದು. ಒಂದೇ ಒಂದು ಹಾಳೆ ಮಾತ್ರ ಹೊಂದುತ್ತಿರಲಿಲ್ಲ. ಪಟ್ಟಿಯ ಪ್ರಕಾರ ಅದು ಮೇಲಿರಬೇಕು, ಅಂಟಕ್ಕ ಕೆಳಗಿಟ್ಟಿದ್ದಳು. ಒಂದು ತಾನೇ, ಕೈತಪ್ಪಿ ಬಂದಿರುತ್ತದೆ ಬಿಡಿ ಎಂದು ವಿಜ್ಞಾನಿ ಸಮಾಧಾನ ಹೇಳಿದಳು.

ಅಲ್ಲಿಯವರೆಗೆ ಹೆದರಿ ಮುದುಡಿದ್ದ ಅಂಟಕ್ಕ ಆ ಮಾತಿಗೆ ನೆಟ್ಟಗಾದಳು.

“ನನ್ನ ಕೈ ತಪ್ಪಿಲ್ಲ ಮೇಡಂ. ನಿಮ್ಮ ಪಟ್ಟಿ ತಪ್ಪಿದೆ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು, ಆದರೂ ಪಟ್ಟು ಬಿಡಲಿಲ್ಲ. ಹಾಳೆಯ ಮೂಲೆಯಲ್ಲಿ, ಉದುರಿದ ಚೂರುಗಳನ್ನು ಹಾಕಿಡುವ ಪುಟ್ಟ ಲಕೋಟೆಯಿತ್ತು. ಅದರಿಂದ ಕಡ್ಡಿಯ ಚೂರೊಂದನ್ನು ತೆಗೆದು ಬ್ಲಾಟಿಂಗ್ ಪೇಪರ್ ಮೇಲಿಟ್ಟು ಒಂದು ಹನಿ ಗೋಂದು ಬಿಟ್ಟಳು. ಇಬ್ಬರೂ ಬಗ್ಗಿ ಕಾದರು. ಸ್ವಲ್ಪ ಹೊತ್ತಿಗೆ ಕಡ್ಡಿಯ ಸುತ್ತ ಇಟ್ಟಿಗೆ ಬಣ್ಣ ಹರಡಿತು. ವಿಜ್ಞಾನಿ ಗಲ್ಲ ಕೆರೆದುಕೊಂಡಳು. ಅದೇ ಹಾಳೆಯ ಎಲೆಯೊಂದರ ತುಣುಕನ್ನು ಮತ್ತೊಮ್ಮೆ ಪರೀಕ್ಷೆಗೆ ಕಳಿಸಿದಳು.

ವಿಷಯ ಮುಖ್ಯಸ್ಥರ ಕಿವಿಗೆ ಬೀಳದೆ ಇರುತ್ತದೆಯೆ? ಉತ್ತರ ಬರಲಿ, ಕೀಲಿಯ ಮಾತು ಆಮೇಲೆ ಎಂದರು. ಮೂರು ವಾರ ಅಂಟಕ್ಕನಿಗೆ ಊಟ ಸೇರಲಿಲ್ಲ. ಕೇಳಿದವರಿಗೆ ಹಲ್ಲಿನ ನೆಪ ಹೇಳಿದಳು. ನಾಲ್ಕನೆಯ ವಾರದ ಮೊದಲ ದಿನ ವಿಜ್ಞಾನಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದಳು. ಹಿಂದಿನ ಸಲ ಪ್ರಯೋಗಾಲಯದಲ್ಲಿ ಈ ಹಾಳೆಯ ಮಾದರಿ ಬೇರೆ ಊರಿನ ಸಂಗ್ರಹದಿಂದ ಬಂದ ಒಂದು ಮಾದರಿಯ ಜೊತೆ ಅದಲುಬದಲಾಗಿತ್ತು. ಹಾಳೆ ಕೆಳಗಿನ ಖಾನೆಯದೇ. ಅವಳು ಅಂಟಕ್ಕನನ್ನು ಗೋಂದಿನ ಕೈಯ ಸಮೇತ ಬಾಚಿ ತಬ್ಬಿಕೊಂಡಳು. ಅಂಟಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ಖಾಲಿ ಮೇಜನ್ನು ಎರಡು ಸಲ ಒರೆಸಿದಳು.

ಪಾಲಿನ ದಿನ ಒಂದೇ ಒಂದು ಹಾಳೆಯನ್ನೂ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸಾಗಿಸಬೇಕಾಗಲಿಲ್ಲ. ಹೊಸ ಹೆಸರಿನ ಚೀಟಿ ಅಂಟಿಸಿದ್ದಷ್ಟೇ. ಬೆಳಗಿನ ಚಹಾ ಬರುವುದರೊಳಗೆ ಕೆಲಸ ಮುಗಿಯಿತು. ಮೂರು ದಿನ ಬಿಡುವು ಮಾಡಿಕೊಂಡು ಬಂದಿದ್ದ ವಿಜ್ಞಾನಿಗಳು ಏನು ಮಾಡಬೇಕು? ಸಂಗ್ರಹಾಲಯದ ತೋಟದಿಂದ ಗಂಟೆಪೊದೆಯ ಕಡ್ಡಿಗಳನ್ನು ಮುರಿದು ತಂದು, ಉದ್ದ ಮೇಜಿನ ಸುತ್ತ ಕೂತು, ಗೋಂದು ಹಾಕುವುದನ್ನು ಅಂಟಕ್ಕನಿಂದ ಕಲಿಯತೊಡಗಿದರು. ಕೀಲಿಯ ಮಾತು ಯಾರೂ ಎತ್ತಲಿಲ್ಲ. ಮುಖ್ಯಸ್ಥರೂ ಅಂಗಿಯ ತೋಳು ಮಡಚಿ ಕೂತರು. ಅರ್ಧ ಗಂಟೆ ಕಡ್ಡಿಯನ್ನೇ ದಿಟ್ಟಿಸಿದ ಮೇಲೆ ತಮ್ಮ ಬ್ಲಾಟಿಂಗ್ ಪೇಪರನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಬಳಿಗೆ ಬಂದರು.

“ಅಕ್ಕಾ, ಸ್ವಲ್ಪ ನೋಡಿ ಹೇಳಿ. ಇದು ಯಾವ ಕುಲ?”