ರೈಲುಹಳಿಯ ಪಕ್ಕದ ಖಾಲಿ ಜೋಕಾಲಿ

ಸವಣೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಂದು ಊರಿದೆ. ಹಳೆಯ ಮಂಚದ ಮೇಲೆ ಪ್ಲೈವುಡ್ ಹಾಸಿ, ಸುತ್ತಲೂ ಹಳಿ ಜೋಡಿಸಿ ನಾನೇ ಕಟ್ಟಿದ್ದು. ಅದನ್ನು ಯಾರಾದರೂ ಆಟಿಕೆ ರೈಲು ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಸ್ಟೇಷನ್ನು, ಗುಡಿ, ಮಸೀದಿ, ಎಲೆಬಳ್ಳಿ ತೋಟ, ಎಲ್ಲ ಅಳತೆ ಹಿಡಿದು ಮಾಡಿದ್ದೇನೆ. ಚಿತ್ರಕಲೆ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಹಿಡಿದ ಹುಚ್ಚು, ಬಿಡುವ ಲಕ್ಷಣವಿಲ್ಲ.

ಮಗಳು ಹಿರೇಕೆರೂರಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಅವಳು ಕೆಮ್ಮಿದರೂ ಸಾಕು, ನಾನೂ ನನ್ನ ಹೆಂಡತಿಯೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದೆವು. ದಿನಾ ಮೇಲೆ ಬಂದು ರೈಲು ನೋಡುತ್ತಾ ಕೂರುವುದು ಅವಳ ರೂಢಿಯಾಗಿತ್ತು.

"ಅಪ್ಪಾ, ನಿನ್ನ ಊರಾಗ ಎಲ್ಲಾ ಐತಿ, ಹುಡುಗರಿಗೆ ಆಡಾಕ ಏನೂ ಇಲ್ಲಲ್ಲ?" ಎಂದಳು ಒಂದು ದಿನ.

ಅಷ್ಟು ಸಾಕಾಯಿತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಜಾರುಬಂಡಿ ಮಾಡಿದೆ. ತಂತಿ ಬಾಗಿಸಿ ಕಂಬ ನಿಲ್ಲಿಸಿ, ಐಸ್‌ಕ್ರೀಮ್ ಕಡ್ಡಿಯ ತುಂಡಿಗೆ ದಾರ ಕಟ್ಟಿ ಜೋಕಾಲಿ ತೂಗುಹಾಕಿದೆ. ರೈಲು ಬಿಟ್ಟೆ. ಹಲಗೆ ನಡುಗಿದ್ದೇ ತಡ, ಜೋಕಾಲಿ ತಾನಾಗಿ ತೂಗತೊಡಗಿತು. ಖುಷಿಯಿಂದ ಹೆಂಡತಿಯನ್ನು ಕೂಗಿದೆ. ಚಹಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಅಯ್ಯ ಶಿವನೇ! ಖಾಲಿ ಜೋಕಾಲಿ ತೂಗಾಕತ್ತೈತಲ್ರಿ! ಮನ್ಯಾಗ ಬಸುರಿ ಅದಾಳ ಅನ್ನೋ ಖಬರ ಐತೋ ಇಲ್ಲೋ ನಿಮಗ?"

ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು ಅಂತ ನಮ್ಮ ಕಡೆ ನಂಬಿಕೆ. "ಏ, ಇದು ತೊಟ್ಟಿಲಲ್ಲ. ಬೆರಳಿನಷ್ಟೂ ಇಲ್ಲ. ತಲಿ ತಿನಬ್ಯಾಡ," ಎಂದು ದಬಾಯಿಸಿದೆ.

ದಬಾಯಿಸಿದ್ದೇನೋ ಆಯಿತು. ಅವಳು ಕೆಳಗಿಳಿದ ಮೇಲೆ ನನ್ನ ಎದೆಯಲ್ಲೇ ಡವಡವ ಶುರುವಾಯಿತು. ಇಂಥದ್ದನ್ನೆಲ್ಲ ನಂಬಬೇಡಿ ಎಂದು ಶಾಲೆಯಲ್ಲಿ ಭಾಷಣ ಬಿಗಿದವನು ನಾನು. ಆದರೂ ರೈಲು ನಿಲ್ಲಿಸಿದೆ. ಜೋಕಾಲಿ ನಿಲ್ಲಲಿಲ್ಲ, ಫ್ಯಾನಿನ ಗಾಳಿ. ಫ್ಯಾನು ಆರಿಸಿ, ಬೆವರುತ್ತಾ ಅದನ್ನೇ ನೋಡುತ್ತಾ ಕುಳಿತೆ.

ಖಾಲಿ ಇದ್ದರೆ ತಾನೇ ತೊಂದರೆ? ಮರುದಿನ ಹಿಟ್ಟು ನಾದಿ ಒಂದು ಪುಟ್ಟ ಹುಡುಗಿಯನ್ನು ಮಾಡಿ ಕೆಂಪು ಲಂಗ ಬಳಿದೆ. ಕೂರಿಸಲು ಹೋದ ಕೈ ಹಾಗೇ ನಿಂತಿತು. ಅಪಶಕುನವೆಂದು, ಹುಟ್ಟುವ ಮೊದಲು ಕೂಸಿನ ತಲೆಗೆ ಒಂದು ಕುಲಾಯಿ ಸಹ ಹೊಲಿಸದ ಮನೆ ನಮ್ಮದು. ನಾನು ಕೂಸನ್ನೇ ಮಾಡಿ ಕೂರಿಸುತ್ತಿದ್ದೇನಲ್ಲ! ಖಾಲಿ ಬಿಡುವಂತಿಲ್ಲ, ತುಂಬುವಂತಿಲ್ಲ. ಕಿತ್ತೊಗೆಯಲೂ ಧೈರ್ಯವಾಗಲಿಲ್ಲ, ಮುರಿದ ಜೋಕಾಲಿ ಇನ್ನೂ ಕೆಟ್ಟದ್ದು ಅನಿಸಿತು. ಒಳ್ಳೆ ಪೇಚಿಗೆ ಸಿಕ್ಕಿದೆ. ಕೊನೆಗೆ ಕೋಣೆಗೆ ಚಿಲಕ ಹಾಕಿ, ರೈಲಿನ ಮೋಟಾರು ಸುಟ್ಟುಹೋಗಿದೆ, ಹೊಸದನ್ನು ಹುಬ್ಬಳ್ಳಿಯಿಂದ ತರಬೇಕು ಎಂದು ಮಗಳಿಗೆ ಸುಳ್ಳು ಹೇಳಿದೆ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ನಾನು ಆ ಕೋಣೆಯಲ್ಲಿ ಧೂಳು ಒರೆಸುತ್ತಿದ್ದಾಗ ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮುಖ ಬಿಳುಚಿಕೊಂಡಿತ್ತು.

"ಮೋಟಾರು ಸುಟ್ಟಿಲ್ಲ ಅಂತ ಗೊತ್ತೈತಿ. ಅವ್ವ ಎಲ್ಲಾ ಹೇಳ್ಯಾಳ. ರೈಲು ಬಿಡಪ್ಪಾ."

"ಬ್ಯಾಡವ್ವ. ಹಡದ ಮ್ಯಾಲ ಬಿಡೂಣು."

"ಹೋದ ಸಲ ಯಾವ ನೇಮ ತಪ್ಪಿದ್ವಿ, ಹೇಳು? ಒಂದು ಕುಲಾಯಿ ಸೈತ ತಂದಿದ್ದಿಲ್ಲ."

ನಾನು ಒರೆಸುವ ಬಟ್ಟೆಯನ್ನು ಕೆಳಗಿಟ್ಟೆ.

"ನಿನ್ನ ರೈಲಿನ ಸಪ್ಪಳ ಕೇಳಿದ್ರ ಇದು ಒದೀತಿತ್ತು. ಅದಕ್ಕ ನಾ ದಿನಾ ಬಂದು ಕುಂದರ್ತಿದ್ದೆ. ಇವತ್ತು ಮುಂಜಾನಿಂದ ಒದ್ದಿಲ್ಲಪ್ಪಾ."

ಆಟೋ ಕರಿ, ದವಾಖಾನೆಗೆ ಹೋಗಬೇಕು ಎಂದು ಹೆಂಡತಿಗೆ ಕೂಗಿ ಹೇಳಿದೆ. ಅಷ್ಟರಲ್ಲಿ ಮಗಳು ತಾನೇ ಸ್ವಿಚ್ಚು ಒತ್ತಿದಳು. ರೈಲು ಹೊರಟಿತು, ಹಲಗೆ ನಡುಗಿತು, ಹಾಳು ಜೋಕಾಲಿ ತೂಗಿತು. ಫೋನು ಮಾಡಿ ಏದುಸಿರು ಬಿಡುತ್ತಾ ಬಂದ ಹೆಂಡತಿ ನನ್ನ ಪಕ್ಕ ನಿಂತಳು. ರೈಲು ತೋಟ ದಾಟಿ ಮತ್ತೆ ಸ್ಟೇಷನ್ನಿಗೆ ಬಂತು. ಮಗಳು ತುಟಿ ಕಚ್ಚಿಕೊಂಡು ನಿಂತೇ ಇದ್ದಳು. ಏನೂ ಇಲ್ಲ. ಮತ್ತೆ ಒಂದು ಸುತ್ತು. ದೇವರೇ, ಒಂದು ಸಲ, ಒಂದೇ ಸಲ ಎಂದು ನಾನು ಒಳಗೊಳಗೇ ಅಂಗಲಾಚುತ್ತಿದ್ದೆ.

ಅವಳು ಥಟ್ಟನೆ ನನ್ನ ಕೈ ಎಳೆದು ಪಕ್ಕೆಯ ಮೇಲೆ ಒತ್ತಿಕೊಂಡಳು. ಒಳಗಿಂದ ಒಂದು ಗುದ್ದು ಬಿತ್ತು. ಆಮೇಲೆ ಇನ್ನೊಂದು.

ಕೆಳಗೆ ಆಟೋದವನು ಹಾರ್ನು ಹೊಡೆಯುತ್ತಿದ್ದ. ಹೇಗಿದ್ದರೂ ಡಾಕ್ಟರಿಗೆ ತೋರಿಸಿಕೊಂಡು ಬರೋಣ ಎಂದು ನಾನು ಸ್ವಿಚ್ಚು ಆರಿಸಲು ಕೈ ಚಾಚಿದೆ. ಹೆಂಡತಿ ನನ್ನ ಕೈ ಹಿಡಿದು ತಡೆದಳು.

"ನಾವು ತಿರುಗಿ ಬರೂತನಕ ಓಡ್ಲಿ ಬಿಡ್ರಿ," ಎಂದಳು.