ಹಿಡಿಯಕ್ಕಿಯ ಡಬ್ಬಿ

ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಬಳ್ಳಾರಿಗೆ ಹೋದವನು, ಬೆಳಿಗ್ಗೆ ಪೇಪರು ಹಿಡಿದು ಅವಳ ನಡುಮನೆಯಲ್ಲಿ ಕೂತಿದ್ದೆ. ಅಡುಗೆಮನೆಯಿಂದ ಒಂದು ಸದ್ದು ಬಂತು. ತಗಡಿನ ಡಬ್ಬಿಯೊಳಗೆ ಒಂದು ಹಿಡಿ ಅಕ್ಕಿ ಬಿದ್ದ ಸದ್ದು. ಆಮೇಲೆ ನಲ್ಲಿಯ ನೀರು, ಕುಕ್ಕರಿನ ಮುಚ್ಚಳ, ಹೊರಗೆ ತಳ್ಳುಗಾಡಿಯವನ ಕೂಗು. ಆದರೆ ನನ್ನ ಮೂಗಿಗೆ ಆಗಲೇ ಒಣಗಿದ ಬೇವಿನೆಲೆಯ, ಅಕ್ಕಿಯ ಬಿಳಿ ಧೂಳಿನ, ಹಳೆಯ ತಗಡಿನ ವಾಸನೆ ಬಂದುಬಿಟ್ಟಿತ್ತು. ಎದ್ದು ಹೋಗಿ ನೋಡಿದೆ. ಅದೇ ಡಬ್ಬಿ. ಎಂದೋ ಬಿಸ್ಕೀಟು ತುಂಬಿಕೊಂಡು ಬಂದಿದ್ದ ಚೌಕ ಡಬ್ಬಿ. ಮೇಲಿದ್ದ ಹಕ್ಕಿಯ ಚಿತ್ರದಲ್ಲಿ ಈಗ ಉಳಿದಿರುವುದು ಕೊಕ್ಕು ಮಾತ್ರ. ಗಿಳಿ ಎಂದು ನಾನು, ನವಿಲು ಎಂದು ಅಕ್ಕ. ನೀವೂ ನಿಮ್ಮ ಮನೆಯ ಯಾವುದೋ ಸಾಮಾನಿನ ಬಗ್ಗೆ ಒಡಹುಟ್ಟಿದವರ ಜೊತೆ ಹೀಗೆ ವಾದ ಮಾಡಿರಬಹುದು. ವಾದ ಮಾಡಲು ಇನ್ನೊಬ್ಬರು ಇರುವವರೆಗೆ ಆ ಮನೆ ಪೂರ್ತಿ ಹೋಗಿರುವುದಿಲ್ಲ.

ಡಬ್ಬಿ ನಮ್ಮ ಅಜ್ಜಿ ಸಂತೋಷಮ್ಮನದು. ಸಿರುಗುಪ್ಪದಲ್ಲಿ ಕಾಲುವೆಯ ಕಡೆಗೆ ಹೋಗುವ ದಾರಿಯಲ್ಲಿ, ಅಕ್ಕಿ ಗಿರಣಿಗಳ ಬೆನ್ನಿಗೆ ನಮ್ಮ ಮನೆ ಇತ್ತು. ಗಿರಣಿಯ ಚಿಮಣಿಯಿಂದ ಹೊಟ್ಟಿನ ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ, ತೊಟ್ಟಿಯ ನೀರಿನ ಮೇಲೆ, ಮಲಗಿದ ನಾಯಿಯ ಮೇಲೆ ಕರಿ ಎಳ್ಳಿನಂತೆ ಕೂರುತ್ತಿತ್ತು. ಸುಗ್ಗಿಯಲ್ಲಿ ಹಚ್ಚೊಳ್ಳಿ, ತೆಕ್ಕಲಕೋಟೆಗಳ ಟ್ರ್ಯಾಕ್ಟರುಗಳು ಗಿರಣಿಯ ಮುಂದೆ ಸಾಲುಗಟ್ಟಿದರೆ ಬೀದಿಯೆಲ್ಲ ಹಸಿ ಭತ್ತದ ಬೆಚ್ಚನೆಯ ವಾಸನೆ. ಅಪ್ಪ ಅಲ್ಲೇ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದ. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರಿಂದ ಒಲೆ ಅಜ್ಜಿಯದೇ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆದಾಗ, ತೊಳೆಯುವುದಕ್ಕೆ ಮೊದಲು, ಅವಳು ಅದರಿಂದ ಒಂದು ಹಿಡಿ ತೆಗೆದು ಈ ಡಬ್ಬಿಗೆ ಹಾಕುತ್ತಿದ್ದಳು. ಅದು ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಸೇರಬೇಕಾದ ಅಕ್ಕಿ. ಚೀಲದಿಂದ ತೆಗೆಯಬಾರದು, ಮನೆಮಂದಿಯ ಊಟಕ್ಕೆಂದು ಅಳೆದದ್ದರಿಂದಲೇ ತೆಗೆಯಬೇಕು ಎಂಬುದು ಅವಳ ಕಟ್ಟಳೆ. ಉಣ್ಣುವುದು ಒಂದು ಅಕ್ಕಿ, ಕೊಡುವುದು ಇನ್ನೊಂದು ಅಕ್ಕಿ ಆಗಕೂಡದು.

ದುಡಿದದ್ದರಲ್ಲಿ ಹತ್ತನೇ ಪಾಲು ದೇವರದು ಎಂದು ನಮ್ಮ ಪಾದ್ರಿ ಅಯ್ಯನವರು ಆಗಾಗ ಪ್ರಸಂಗ ಮಾಡುತ್ತಿದ್ದರು. ಆ ದಶಮಾಂಶವನ್ನು ಅಪ್ಪ ಕೂಲಿ ಬಂದ ಕೂಡಲೆ ಲಕೋಟೆಗೆ ಹಾಕಿ ಅಂಟಿಸಿಬಿಡುತ್ತಿದ್ದ, ಮತ್ತೆ ಅದರ ಮುಖ ನೋಡಬಾರದು ಎಂಬಂತೆ. ಹಿಡಿಯಕ್ಕಿ ಆ ಲೆಕ್ಕಕ್ಕೆ ಸೇರಿದ್ದಲ್ಲ. ಲಕೋಟೆ ಅಪ್ಪನ ಕರ್ತವ್ಯ, ಡಬ್ಬಿ ಅಜ್ಜಿಯ ಖುಷಿ.

“ಹತ್ತನೇ ಪಾಲು ನಾ ಕೊಟ್ಟೀನಿ, ಮತ್ತ ನಿಂದ್ಯಾಕಬೇ ಮ್ಯಾಲೊಂದು ಹಿಡಿ?” ಎಂದು ಅಪ್ಪ ಊಟಕ್ಕೆ ಕೂತಾಗ ಕೆಣಕುತ್ತಿದ್ದ. “ದೇವರಿಗೆ ಹೆಚ್ಚಾಗಂಗಿಲ್ಲೇನು?”

“ನಿನಗ ಎರಡನೇ ಸಲ ಅನ್ನ ನೀಡುವಾಗ ಹೆಚ್ಚಾತೇನು ಅಂತ ನಾ ಕೇಳ್ತೀನೇನಲೇ?”

ಭಾನುವಾರ ಡಬ್ಬಿ ಖಾಲಿಯಾಗುತ್ತಿತ್ತು. ಸೋಮವಾರದ ಮೊದಲ ಹಿಡಿ ಬರಿ ತಗಡಿಗೆ ಬಿದ್ದು ಝಲ್ಲೆಂದು ಮನೆ ತುಂಬ ಕೇಳುತ್ತಿತ್ತು. ಮಂಗಳವಾರದಿಂದ ಸದ್ದು ತಗ್ಗುತ್ತ ಹೋಗಿ, ಶನಿವಾರಕ್ಕೆ ಅಕ್ಕಿಯ ಮೇಲೆ ಅಕ್ಕಿ ಬಿದ್ದ ಪಿಸುಮಾತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇವತ್ತು ಯಾವ ವಾರ ಎಂದು ನಾನು ಹೇಳುತ್ತಿದ್ದೆ ಎಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. “ಅವೆಲ್ಲಾ ನೀ ದೊಡ್ಡ ಸಾಲಿ ಓದಿದ ಮ್ಯಾಲೆ ಹುಟ್ಟಿಸಿಕೊಂಡದ್ದು. ಸದ್ದು ಕೇಳಿ ವಾರ ಹೇಳಾಕ ನೀ ಏನ್ ಕ್ಯಾಲೆಂಡರೇನು?”

ಚರ್ಚಿನಲ್ಲಿ ವೇದಿಕೆಯ ಮುಂದೆ ದೊಡ್ಡದೊಂದು ಬಿದಿರಿನ ಬುಟ್ಟಿ ಇಡುತ್ತಿದ್ದರು. ಹೆಂಗಸರು ಒಬ್ಬೊಬ್ಬರೇ ಹೋಗಿ ತಮ್ಮ ಮನೆಯ ಅಕ್ಕಿ ಸುರಿದು ಬರುವರು. ಸಣ್ಣಕ್ಕಿ, ದಪ್ಪಕ್ಕಿ, ಹಳೆಯದರ ಹಳದಿ, ಹೊಸದರ ಬಿಳುಪು ಎಲ್ಲ ಒಂದರ ಮೇಲೊಂದು ಜಾರಿ ಬೆರೆಯುವುದನ್ನು ನೋಡುತ್ತ ನಾನು ಎಷ್ಟೋ ಪ್ರಾರ್ಥನೆಗಳನ್ನು ಕೇಳದೆ ಕಳೆದಿದ್ದೇನೆ. ಸಭೆಯ ಹಿರಿಯ ಸಮೇಲಪ್ಪ ಆ ಬೆರಕೆ ಅಕ್ಕಿಯಲ್ಲಿ ಒಂದು ಪಾಲನ್ನು ಅಯ್ಯನವರ ಮನೆಗೆ ಕೊಟ್ಟು, ಉಳಿದದ್ದನ್ನು ಕಷ್ಟದಲ್ಲಿದ್ದ ಯಾವುದೋ ಮನೆಗೆ ಸೈಕಲ್ಲಿನಲ್ಲಿ ಒಯ್ಯುತ್ತಿದ್ದ. ಯಾರ ಮನೆಗೆ ಎಂದು ಯಾರೂ ಕೇಳಬಾರದು, ಅವನೂ ಹೇಳಬಾರದು. ಮಧ್ಯಾಹ್ನದ ಬಿಸಿಲಿಗೆ ಬೀದಿಯೆಲ್ಲ ಬಾಗಿಲು ಮುಚ್ಚಿಕೊಂಡಾಗ, ಚೀಲದ ಮೇಲೆ ಹುಲ್ಲಿನ ಸಿವುಡು ಹೇರಿ, ದನಕ್ಕೆ ಮೇವು ಒಯ್ಯುವವನಂತೆ ಹೋಗುತ್ತಿದ್ದ. ಅವನಿಗೆ ದನವೇ ಇರಲಿಲ್ಲ. ಇದು ಇಡೀ ಊರಿಗೆ ಗೊತ್ತಿತ್ತು.

ಒಂದು ವರ್ಷ ಗಿರಣಿಯಲ್ಲಿ ಚೀಲಗಳ ಸಾಲು ಜಾರಿ ಅಪ್ಪನ ಕಾಲು ಮುರಿಯಿತು. ಕಟ್ಟು ಹಾಕಿದ ಕಾಲನ್ನು ಮುಂದೆ ಚಾಚಿ, ಗೋಡೆಗೆ ಒರಗಿ ಕೂತ, ಕೂಲಿ ನಿಂತಿತು. ಅಜ್ಜಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಸಭೆಯಲ್ಲಿ ಅವಳು ಕೊಡುವವಳು. ಹೆರಿಗೆಯಾದ ಮನೆಗೆ ಮೊದಲು ತುಪ್ಪ ಒಯ್ಯುವವಳು, ಹೊಸಬರು ಬಂದರೆ ಊಟಕ್ಕೆ ಕರೆಯುವವಳು. ನಮ್ಮ ಮನೆಗಿದ್ದ ಆಸ್ತಿ ಅದೊಂದೇ ಎನ್ನಬೇಕು, ಮತ್ತು ಅದು ಕೈಬಿಟ್ಟೀತೆಂಬ ಅಂಜಿಕೆ ಅವಳಿಗಿತ್ತು. ಮನೆಯಲ್ಲಿ ಅಕ್ಕಿ ಹೋಗಿ ನುಚ್ಚು ಬಂತು, ಗಿರಣಿಯ ಜರಡಿಯಿಂದ ಬೀಳುವ ಅಗ್ಗದ ಒಡಕು ಅಕ್ಕಿ. ಡಬ್ಬಿ ಮಾತ್ರ ನಿಲ್ಲಲಿಲ್ಲ. ಒಲೆಯ ಮೇಲೆ ನುಚ್ಚಾದರೆ ಡಬ್ಬಿಗೂ ನುಚ್ಚೇ. ಭಾನುವಾರ ಎಲ್ಲರೆದುರು ಬುಟ್ಟಿಗೆ ಅದನ್ನೇ ಸುರಿದಳು. ತಾನು ಅಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ಅವಳ ಕಟ್ಟಳೆಯೇ ಬಯಲು ಮಾಡಿತು. ಅದೊಂದು ವಾರ ಒಳ್ಳೆಯ ಅಕ್ಕಿ ಎಲ್ಲಿಂದಲಾದರೂ ತಂದು ಸುರಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಬಹುದೆಂದು ಅವಳಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ಬೇಡವೆನಿಸಿತೋ, ಈಗ ಕೇಳುವಂತಿಲ್ಲ.

ಮರುದಿನ ಮಧ್ಯಾಹ್ನ ಸಮೇಲಪ್ಪನ ಸೈಕಲ್ಲು ನಮ್ಮ ಮನೆಯ ಮುಂದೆ ನಿಂತಿತು, ಹುಲ್ಲಿನ ಸಿವುಡಿನ ಸಮೇತ. ಅಜ್ಜಿ ಹೊಸ್ತಿಲ ಮೇಲೆ ನಿಂತಳು. ಒಳಗೆ ಬಾ ಎನ್ನಲಿಲ್ಲ.

“ತಪ್ಪ ಮನಿಗೆ ಬಂದೀಯಲ್ಲಪಾ ಸಮೇಲಪ್ಪ.”

“ಮನಿ ಸರಿ ಐತ್ರಿ ಅಮ್ಮಾರ.”

“ಈ ಮನಿಯಿಂದ ಹೋಗತೈತಿ, ಈ ಮನಿಗೆ ಬರಂಗಿಲ್ಲ. ಒಯ್ಯಿ, ಇಲ್ಲದವರ ಮನಿ ನೋಡು.”

ಸಮೇಲಪ್ಪ ಹುಲ್ಲನ್ನು ಕೆಳಗಿಟ್ಟ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. “ನನ್ನ ಹೆಣ್ತಿ ಬಾಣಂತಿ ಇದ್ದಾಗ ನಾನೂ ಉಂಡೀನ್ರಿ ಈ ಬುಟ್ಟಿ ಅಕ್ಕಿ. ನಿಮ್ಮದೂ ಅದರಾಗ ಇತ್ತು. ಒಲ್ಲೆ ಅಂದೆನೇನು? ಕೊಡೂದು ನಿಮಗೊಬ್ಬರಿಗೇ ಬರಬೇಕೇನ್ರಿ? ನಮಗೂ ಒಂದೀಟು ಕಲಿಯಾಕ ಬಿಡ್ರಿ.”

ಒಳಗಿನಿಂದ ಅಪ್ಪ ಕೂಗಿದ: “ಯವ್ವಾ, ಹುಲ್ಲಾದ್ರೂ ಇಸಗೊ. ಕಟ್ಟಿಹಾಕಿದ ದನ ಆಗೀನಿ ನಾನು.”

ಸಮೇಲಪ್ಪ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತಿದ್ದು, ಒಳಗೆ ಹೋಗಿ ಅಕ್ಕಿ ಕೇರುವ ಮೊರ ತಂದು ಅವನ ಮುಂದೆ ಒಡ್ಡಿದಳು. ಬಿದ್ದ ಅಕ್ಕಿಯ ನಡುವೆ ಅಲ್ಲಲ್ಲಿ ಅವಳೇ ಸುರಿದ ನುಚ್ಚೂ ಕಾಣುತ್ತಿತ್ತು.

ಆ ದಿನ ಬೆಳಿಗ್ಗೆ ಜೋಳದ ಅಂಬಲಿ ಕುಡಿದಿದ್ದೆವು. ಒಲೆಗೆ ಅಕ್ಕಿ ಏರಿರಲಿಲ್ಲ. ಸಂಜೆ ಅಜ್ಜಿ ಒಲೆ ಹೊತ್ತಿಸಿ ಆ ಬೆರಕೆ ಅಕ್ಕಿಯನ್ನು ಅಳೆದಳು. ಆಮೇಲೆ ಅದರಿಂದ ಒಂದು ಹಿಡಿ ತೆಗೆದು ಖಾಲಿ ಡಬ್ಬಿಗೆ ಹಾಕಿದಳು. ಸದ್ದು ಮನೆಯೆಲ್ಲ ಕೇಳಿತು.

“ಅಲ್ಲಿಂದ ಬಂದದ್ದು ಅಲ್ಲಿಗೇ ಹೊಂಟಿತಲ್ಲಬೇ,” ಎಂದ ಅಪ್ಪ.

“ಒಲಿಗೆ ಏರೂದರಾಗ ತೆಗೀಬೇಕು. ಎಲ್ಲಿಂದ ಬಂದದ್ದಾದ್ರೇನು,” ಎಂದಳು ಅಜ್ಜಿ, ಮತ್ತು ಆ ದಿನ ಮೊದಲ ಸಲ ಅವಳ ಮುಖ ಸಡಿಲವಾಯಿತು. ಅಂದಿನ ಅನ್ನದಲ್ಲಿ ಕೆಲವು ಅಗುಳು ಮೆತ್ತಗೆ, ಕೆಲವು ಹಲ್ಲಿಗೆ ಸಿಗುವಂತೆ. ಒಂದೊಂದು ತುತ್ತಿಗೂ ಬೇರೆ ಬೇರೆ ಮನೆಯ ರುಚಿ. ಅಪ್ಪ ಎರಡನೇ ಸಲ ನೀಡಿಸಿಕೊಂಡ.

ಇದಿಷ್ಟನ್ನೂ ನಾನು ಕಂಡೆನೇ? ಅಕ್ಕನ ಪ್ರಕಾರ ನಾನು ಅಲ್ಲಿರಲೇ ಇಲ್ಲ. ಅಪ್ಪನ ಕಾಲು ಮುರಿದಾಗ ನನ್ನನ್ನು ಕುರುಗೋಡಿನ ಅತ್ತೆಯ ಮನೆಗೆ ಕಳಿಸಿದ್ದರಂತೆ. ಕುರುಗೋಡಿನ ಗುಡ್ಡದ ಕಾದ ಬಂಡೆಗಳು, ಅತ್ತೆ ಸೀಳಿ ಕೊಡುತ್ತಿದ್ದ ಅಂಜೂರ ನೆನಪಿವೆ, ಆದರೆ ಯಾವ ವರ್ಷದವೋ. ಅವಳೇ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಂಡಂತೆ ಮಾಡಿಕೊಂಡಿರಬಹುದು. ಅವಳ ಕಥೆಯಲ್ಲಿ ಅಜ್ಜಿ ಅವತ್ತು ಉಣ್ಣಲಿಲ್ಲ, ಅಪ್ಪ ದನದ ಮಾತು ಆಡಲಿಲ್ಲ. ಹಿಡಿ ತೆಗೆದದ್ದು ಮಾತ್ರ ಎರಡು ಕಥೆಗಳಲ್ಲೂ ಇದೆ. ಯಾವ ದಾನವೂ ಬಿಟ್ಟಿಯಲ್ಲ, ಕೊಟ್ಟವನಿಗೆ ಅದು ಮರ್ಯಾದೆಯಾಗಿ ಹಿಂದಿರುಗುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದೆ, ನಂಬಿದೆ, ಚರ್ಚಿಗೆ ಹೋಗುವುದು ಬಿಟ್ಟೆ. ಅಜ್ಜಿಗೂ ಮರ್ಯಾದೆ ಬೇಕಾಗಿತ್ತು, ಸುಳ್ಳೇಕೆ. ಆದರೆ ಅದನ್ನು ಬಿಟ್ಟು ಮೊರ ಒಡ್ಡಿದ ದಿನವೇ, ಮನೆಯವರ ಹೊರತು ನೋಡುವವರು ಯಾರೂ ಇಲ್ಲದ ಅಡುಗೆಮನೆಯಲ್ಲಿ ಮತ್ತೆ ಹಿಡಿ ತೆಗೆದದ್ದು ನಾನು ಓದಿದ ಯಾವ ವಿವರಣೆಗೂ ಪೂರ್ತಿ ಒಗ್ಗುವುದಿಲ್ಲ. ಒಗ್ಗಲಿಲ್ಲವೆಂದು ಮೊದಲು ಚಡಪಡಿಸುತ್ತಿದ್ದೆ. ಈಗ ಇಲ್ಲ.

ಅಪ್ಪನ ಕಾಲು ಕೂಡಿತು, ನುಚ್ಚು ಹೋಗಿ ಅಕ್ಕಿ ಬಂತು. ಈಗ ಅವರು ಯಾರೂ ಇಲ್ಲ. ಮನೆ ಇದ್ದ ಜಾಗ ಗಿರಣಿಯವರ ಸಿಮೆಂಟಿನ ಕಣ. ನಮ್ಮ ಒಲೆ ಇದ್ದಲ್ಲಿ ಭತ್ತ ಒಣಗುತ್ತದೆ. ಅದು ನನಗೆ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಅಕ್ಕನ ಚರ್ಚಿನಲ್ಲಿ ಬುಟ್ಟಿ ಇಲ್ಲ, ಫೋನಿನಲ್ಲಿ ಕಾಣಿಕೆ ಕಳಿಸುತ್ತಾರೆ. ಅವಳ ಹಿಡಿಯಕ್ಕಿ ಭಾನುವಾರ ಭಾನುವಾರ ಆಸ್ಪತ್ರೆಯೊಂದರ ಎದುರು, ರೋಗಿಗಳ ಜೊತೆ ಬಂದವರಿಗೆ ಅನ್ನ ಬೇಯಿಸುವ ಹೆಂಗಸಿಗೆ ಹೋಗುತ್ತದೆ.

ಆಪರೇಷನ್ನು ಮುಗಿದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಕ್ಕ ನಡುಮನೆಯಲ್ಲಿ ಮಲಗಿದ್ದಳು. ಔಷಧದ ಮಂಪರಿನಲ್ಲಿ ಹಗಲು ಯಾವುದು, ವಾರ ಯಾವುದು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅವಳು ನಿದ್ದೆಯಲ್ಲಿದ್ದಾಗ ನಾನೇ ಡಬ್ಬಿ ಒಯ್ದು ಆ ಹೆಂಗಸಿಗೆ ಸುರಿದು ಬಂದಿದ್ದೆ, ಅಕ್ಕನಿಗೆ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಗೆ ನಿಂತಾಗ ಅವಳು ಮಲಗಿದಲ್ಲಿಂದಲೇ ಹೇಳಿದಳು: “ಅಳೆದದ್ದರಾಗ ತೆಗಿ. ಚೀಲದಾಗ ಕೈ ಹಾಕಬ್ಯಾಡ.”

ಅಳೆದೆ. ಒಂದು ಹಿಡಿ ತೆಗೆದೆ. ಡಬ್ಬಿಯ ಮೇಲೆ ಕೈ ಬಿಚ್ಚಿದೆ. ಬರಿ ತಗಡಿಗೆ ಬಿದ್ದ ಅಕ್ಕಿ ಝಲ್ಲೆಂದಿತು.

ನಡುಮನೆಯಿಂದ ಅಕ್ಕನ ದನಿ ಬಂತು, ನಿದ್ದೆಯಿಂದ ಎದ್ದ ಹುಡುಗಿಯ ದನಿಯಂತೆ.

“ಇವತ್ತ ಸೋಮವಾರೇನೋ?”