ಫಿಲ್ಟರಿಗೆ ಮಾತ್ರ ರಜೆ ಕೊಡಬೇಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೇ ಹುಬ್ಬಳ್ಳಿಯ ಈ ಇಕ್ಕಟ್ಟು ಓಣಿಗೆ ವಾರದ ಮೇಲೆ ನಳ ಬಂದಿದೆ. ಕೊಡ, ಬಕೆಟ್ಟು, ಡ್ರಮ್ಮುಗಳ ಗದ್ದಲದ ನಡುವೆ ಊರೆಲ್ಲ ಕುಡಿಯುವ ನೀರು ಹಿಡಿಯುತ್ತಿದ್ದರೆ, ಕಮರುದ್ದೀನ ಅವರು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಸುಕು ತೊಳೆಯುತ್ತಿದ್ದಾರೆ. ಬೋಗುಣಿಗೆ ನೀರು ಸುರಿದು, ಅಕ್ಕಿ ತೊಳೆದಂತೆ ಕೈಯಾಡಿಸಿ, ಕೆಂಪು ರಾಡಿ ಬಸಿಯುತ್ತಾರೆ. ಮತ್ತೆ ನೀರು, ಮತ್ತೆ ರಾಡಿ. ಬಸಿದ ನೀರು ತಿಳಿಯಾಗುವವರೆಗೆ ಅವರಿಗೆ ಸಮಾಧಾನವಿಲ್ಲ.

"ಮಂದಿ ಕುಡ್ಯಾಕ ನೀರ ಹಿಡೀತಾರ. ಇವ್ರು ಉಸುಕಿಗೆ ಜಳಕಾ ಮಾಡಸ್ತಾರ" ಎನ್ನುತ್ತಾರೆ ಹೆಂಡತಿ ಅಮೀನಾಬಿ. ಹಾಗೆನ್ನುತ್ತಲೇ ಆ ರಾಡಿ ನೀರನ್ನು ಪಾಯಖಾನೆಗೆಂದು ಬೇರೆ ಬಕೆಟ್ಟಿಗೆ ತುಂಬಿಕೊಳ್ಳುತ್ತಾರೆ. ಈ ಮನೆಯಲ್ಲಿ ಬೈಗುಳವೂ ವ್ಯರ್ಥವಾಗುವುದಿಲ್ಲ, ನೀರೂ ವ್ಯರ್ಥವಾಗುವುದಿಲ್ಲ.

ಕಮರುದ್ದೀನ ಅವರ ಮುಖ ಇವತ್ತು ಬಿಗಿದುಕೊಂಡಿದೆ. "ನಾಳೆ ಖಂಡೇಪೂಜಿ ಐತ್ರಿ. ಎಲ್ಲಾರಿಗೂ ಹಬ್ಬ. ನನಗ ಎದಿ ಡವಡವ."

ಆಯುಧಪೂಜೆಯ ಹಬ್ಬಕ್ಕೂ ಎದೆಬಡಿತಕ್ಕೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಅವರ ಕಸುಬು ತಿಳಿಯಬೇಕು. ಮನೆಗಳಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಗಳಿರುತ್ತವಲ್ಲ, ಅವುಗಳ ತಳಕ್ಕೆ ಉಸುಕು ಹಾಸಿಕೊಡುವುದು, ಕೆಟ್ಟ ಫಿಲ್ಟರು ರಿಪೇರಿ ಮಾಡುವುದು ಅವರ ಕೆಲಸ. ಮೊದಲು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ದೊಡ್ಡ ಮೋಟರು ಬಿಟ್ಟು ಹೆಬ್ಬೆರಳಿನಷ್ಟು ಮೋಟರಿಗೆ ಬಂದರು. ಈಗ ಮೊಪೆಡ್ಡಿನ ಹಿಂದೆ ಉಸುಕಿನ ಚೀಲ ಕಟ್ಟಿಕೊಂಡು ಹುಬ್ಬಳ್ಳಿಯಿಂದ ಧಾರವಾಡದವರೆಗೆ ದಿನಕ್ಕೆ ಮೂರು ನಾಲ್ಕು ಮನೆ ಸುತ್ತುತ್ತಾರೆ.

ಬಣ್ಣದ ಕಲ್ಲಿನ ಕಾಲ ಮುಗಿಯಿತು. ಫೋನಿನಲ್ಲಿ ವಿಡಿಯೊ ನೋಡಿದ ಎಲ್ಲರಿಗೂ ಈಗ ಉಸುಕೇ ಬೇಕು. ಅಲ್ಲಿಯವರೆಗೂ ತಪ್ಪಿಲ್ಲ. ಆದರೆ ಮನೆ ಕಟ್ಟಲು ತಂದು ರಸ್ತೆಗೆ ಸುರಿದ ರಾಶಿಯಿಂದ ಎರಡು ಪುಟ್ಟಿ ಎತ್ತಿ, ಫಿಲ್ಟರು ಓಡುತ್ತಿರುವಾಗಲೇ ಮೇಲಿಂದ ಧಬಕ್ಕನೆ ಸುರಿದರೆ ಏನಾಗಬೇಕು? ತೊಟ್ಟಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಉಸುಕು ಫಿಲ್ಟರಿನ ಹೊಟ್ಟೆ ಸೇರಿ ಅಲ್ಲಿನ ಪುಟ್ಟ ಚಕ್ರ ಕರಕರ ಎಂದು ಒಂದಿಷ್ಟು ಹೊತ್ತು ಒದ್ದಾಡಿ ನಿಲ್ಲುತ್ತದೆ. ಆಮೇಲೆ ಫೋನು ಬರುತ್ತದೆ. "ಕಂಪನಿ ಮಾಲು ಖರಾಬ್ ಐತಿ ಅಂತಾರ್ರಿ. ಕಂಪನಿಯವ್ರು ಉಸುಕ ತಿನ್ನೋ ಯಂತ್ರ ಎಲ್ಲಿ ಮಾಡ್ಯಾರ?" ಎಂದು ಕಮರುದ್ದೀನ ಹಣೆ ಚಚ್ಚಿಕೊಳ್ಳುತ್ತಾರೆ.

ಹೊತ್ತೇರುವ ಮೊದಲೇ ಅವರ ಮೊಪೆಡ್ಡು ಧಾರವಾಡದ ಹಾದಿ ಹಿಡಿಯುತ್ತದೆ. ಅವರ ಕಸುಬಿನ ಬಗ್ಗೆ ಬರೆಯಲು ಬಂದ ನಾನೂ ನನ್ನ ಸ್ಕೂಟರಿನಲ್ಲಿ ಬೆನ್ನು ಹತ್ತುತ್ತೇನೆ. ಹೋಗಬೇಕಾದದ್ದು ಕಾಳಿನ ವ್ಯಾಪಾರಿ ಮಹಾದೇವಪ್ಪನವರ ಮನೆಗೆ. ಕಳೆದ ವರ್ಷ ಇದೇ ಮನೆಯಲ್ಲಿ ಉಸುಕು ಹಾಸಿ ಬಂದಿದ್ದರು. ಹಬ್ಬ ಮುಗಿದ ಕೆಲವೇ ದಿನಗಳಲ್ಲಿ ಮೀನೆಲ್ಲ ಮೇಲೆ ತೇಲಿದ್ದವು. 'ಕಮರುದ್ದೀನನ ಉಸುಕಿನಾಗ ವಿಷ ಐತಿ' ಎಂಬ ಮಾತು ಹುಟ್ಟಿತು. ಆ ಬೀದಿಯಲ್ಲಿ ತೊಟ್ಟಿಯಿದ್ದ ಒಂದು ಮನೆಯೂ ಮತ್ತೆ ಅವರನ್ನು ಕರೆಯಲಿಲ್ಲ. ತಿಂಗಳ ಹಿಂದೆ ಹೊಸ ಮೀನು, ಹೊಸ ಫಿಲ್ಟರು ತಂದ ಸೊಸೆ ಶಾಂಭವಿ, ಈಗ ಮಾವನನ್ನು ಒಪ್ಪಿಸಿ ಕರೆಸಿದ್ದಾರೆ. ಈ ಸಲವೂ ಮೀನು ಸತ್ತರೆ ಆ ಮಾತು ಜನ್ಮಕ್ಕಂಟಿದಂತೆ. ಹೋದ ಹೆಸರನ್ನು ತೊಳೆಯಲು ಯಾವ ನಳದ ನೀರೂ ಸಾಲುವುದಿಲ್ಲ.

ಅಸಲಿಗೆ ಕಳೆದ ವರ್ಷ ಆಗಿದ್ದು ಇಷ್ಟು. ಖಂಡೇಪೂಜೆಯ ದಿನ ಮನೆಯ ಯಂತ್ರಗಳೆಲ್ಲ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಹೂ ಮುಡಿದು ಸುಮ್ಮನೆ ಕೂರಬೇಕು. ತಕ್ಕಡಿ, ಸ್ಕೂಟರು, ಮಿಕ್ಸರು, ಹೊಲಿಗೆ ಯಂತ್ರ ಎಲ್ಲಕ್ಕೂ ಅಂದು ರಜೆ. ಮಹಾದೇವಪ್ಪನವರು ಫಿಲ್ಟರನ್ನೂ ಬಿಡಲಿಲ್ಲ. ತೊಟ್ಟಿಯಿಂದ ಎತ್ತಿ, ಒಳಗಿನ ಸ್ಪಂಜನ್ನು ನಳದ ನೀರಿನಲ್ಲಿ ಹಿಂಡಿ ಹಿಂಡಿ ತೊಳೆಸಿ, ಪೂಜೆಗಿಟ್ಟರು. ಮೀನಿನ ಹೊಲಸನ್ನು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ಇರುವುದೇ ಆ ಸ್ಪಂಜಿನ ಜಿಡ್ಡಿನಲ್ಲಿ. ನಳದ ನೀರಿಗೆ ಬೆರೆಸುವ ಕ್ಲೋರಿನ್ ಔಷಧಿಗೆ ಅವು ಸತ್ತವು. ಮರುದಿನ ಫಿಲ್ಟರನ್ನು ತೊಟ್ಟಿಗಿಳಿಸುವಾಗ ಅದರ ನೀರೆಳೆಯುವ ಬಾಯಿಯನ್ನು ಉಸುಕಿನಲ್ಲೇ ಹುಗಿದರು, ಫಿಲ್ಟರೂ ಸತ್ತಿತು. ಮೀನು ಇನ್ನೆಷ್ಟು ದಿನ ತಡೆದಾವು?

"ಪೂರಾ ಅವ್ರದ ತಪ್ಪು ಅಂತ ಹೆಂಗ ಹೇಳ್ಲಿ? ಹೋಗೂ ಮುಂದ ಫಿಲ್ಟರ್ ಸ್ವಚ್ಛ ಇಡ್ರಿ ಅಂತ ನಾನ ಹೇಳಿದ್ನಿ. ಹೆಂಗ ಅಂತ ಹೇಳ್ಲಿಲ್ಲ. ನನ್ನ ಬಾಯಿ ಭಾಳ ಗಿಡ್ಡ" ಎನ್ನುತ್ತಾರೆ ಕಮರುದ್ದೀನ.

ಈ ಸಲ ಬಾಯಿ ಉದ್ದವಾಗಿದೆ. ಮಹಾದೇವಪ್ಪನವರ ಮನೆ ಸೇರಿದವರೇ ಮೊದಲು ಶಾಂಭವಿಯವರಿಂದ ಸ್ವಿಚ್ಚು ಬಂದ್ ಮಾಡಿಸುತ್ತಾರೆ. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ಬಗ್ಗಿಸಿ ಅದರಲ್ಲಿ ಫಿಲ್ಟರನ್ನು ಮುಳುಗಿಸಿಡುತ್ತಾರೆ. "ಇದು ಒಣಗಬಾರದ್ರಿ ಅಕ್ಕಾರ, ನಳದ ನೀರು ಮುಟ್ಟಬಾರದು. ತೊಳೀಬೇಕಂದ್ರ ಇದ ನೀರಿನ್ಯಾಗ ಒಮ್ಮೆ ಹಿಂಡ್ರಿ, ಸಾಕು." ಆಮೇಲೆ ಒಂದು ಪ್ಲಾಸ್ಟಿಕ್ ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ಅದರೊಳಗಿಂದ ಹಸಿ ಉಸುಕನ್ನು ಹಿಡಿ ಹಿಡಿಯಾಗಿ ಇಳಿಸುತ್ತಾರೆ. ಮೀನುಗಳು ಒಂದು ಮೂಲೆಗೆ ಸರಿದು ನೋಡುತ್ತವೆ. ರಾಡಿ ಕೂರುವವರೆಗೆ ಫಿಲ್ಟರು ಹಚ್ಚುವಂತಿಲ್ಲ. ಒಂದು ಚಹಾ ಆಗುತ್ತದೆ, ಇನ್ನೊಂದು ಚಹಾ ಆಗುತ್ತದೆ. ನೀರು ತಿಳಿಯಾದ ಮೇಲೆ ಫಿಲ್ಟರಿನ ಬಾಯಿಗೆ ತೆಳು ಸ್ಪಂಜು ಕಟ್ಟಿ, ಉಸುಕಿನಿಂದ ನಾಲ್ಕು ಬೆರಳು ಮೇಲಕ್ಕೆ ಕೂರಿಸಿ ಸ್ವಿಚ್ಚು ಒತ್ತುತ್ತಾರೆ. ಸದ್ದಿಲ್ಲದೆ ನೀರು ತಿರುಗುತ್ತದೆ.

ಕಮರುದ್ದೀನ ಉಸಿರು ಬಿಡುವಷ್ಟರಲ್ಲಿ ಮಹಾದೇವಪ್ಪನವರು ಒಳಗಿನಿಂದ ಬಂದು, "ಛಲೋ ಆತು. ನಾಳೆ ಪೂಜಿಗೆ ಇದನ್ನ ಹೆಂಗ ತಗೀಬೇಕು, ಅದೊಂದ ಹೇಳಿ ಹೋಗಪಾ" ಎನ್ನುತ್ತಾರೆ.

ನಾನು ಚಹಾದ ಕಪ್ಪು ಕೆಳಗಿಡುತ್ತೇನೆ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಇದಕ್ಕಿಂತ ಸುಲಭ ಅನ್ನಿಸುತ್ತದೆ.

"ತಗೀಬ್ಯಾಡ್ರಿ" ಎನ್ನುತ್ತಾರೆ ಕಮರುದ್ದೀನ.

"ಹಗಲು ರಾತ್ರಿ ದುಡಿಯೂ ಯಂತ್ರಕ್ಕ ಒಂದ ದಿನ ಆರಾಮ ಬ್ಯಾಡೇನು? ನನ್ನ ತಕ್ಕಡಿಗೆ ಐತಿ, ಇದಕ್ಕ ಯಾಕ ಇಲ್ಲ? ನಮ್ಮ ಮನ್ಯಾಗ ದುಡಿಯೂದನ್ನ ಪೂಜಿ ಮಾಡದ ಬಿಟ್ಟಿದ್ದಿಲ್ಲ."

ಮಾತು ಕೇಳಿದರೆ ತಪ್ಪೆನ್ನಲೂ ಆಗುವುದಿಲ್ಲ. ಮುದುಕರ ದನಿಯಲ್ಲಿ ಹಟಕ್ಕಿಂತ ಋಣವೇ ಹೆಚ್ಚು. ಕಮರುದ್ದೀನ ಸಿಟ್ಟಿನಿಂದ ತಮ್ಮ ಚೀಲಕ್ಕೆ ಸಾಮಾನು ತುಂಬತೊಡಗುತ್ತಾರೆ. ಆಗ ಚೀಲದಿಂದ ಒಂದು ಹಳೆಯ ಫಿಲ್ಟರು ನೆಲಕ್ಕುರುಳುತ್ತದೆ. ಬಿಡಿಭಾಗ ಬೇಕಾದೀತೆಂದು ಇಟ್ಟುಕೊಂಡದ್ದು. ಕಳೆದ ವರ್ಷ ಮೀನು ಸತ್ತಾಗ ನೋಡಲು ಬಂದು ಇದೇ ಮನೆಯಿಂದ ಒಯ್ದಿದ್ದ ಸತ್ತ ಫಿಲ್ಟರು.

ಶಾಂಭವಿ ಅದನ್ನು ಎತ್ತಿಕೊಳ್ಳುತ್ತಾರೆ. "ಮಾವಾರ, ಇದೂ ನಮ್ಮ ಮನೀದ ಅಲ್ಲೇನ್ರಿ? ಇದಕ್ಕ ಪೂಜಿ ಮಾಡೂಣು."

"ಸತ್ತದ್ದಕ್ಕ ಪೂಜಿ ಹೆಂಗವಾ?"

"ದುಡದ ಸತ್ತೈತ್ರಿ" ಎನ್ನುತ್ತಾರೆ ಕಮರುದ್ದೀನ. "ನಿಮ್ಮ ಮನ್ಯಾಗ ದುಡದ ಸತ್ತೈತಿ. ಸತ್ತ ಮ್ಯಾಲ ಅದಕ್ಕೊಂದ ಹೂವು ಇಟ್ಟವ್ರಿಲ್ಲ."

ಮಹಾದೇವಪ್ಪನವರು ಫಿಲ್ಟರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಾರೆ. ಒಳಗಿನಿಂದ ನಾಲ್ಕು ಕಾಳು ಉಸುಕು ಉದುರುತ್ತದೆ. ಅದನ್ನು ದೇವರ ಕೋಣೆಗೆ ಒಯ್ಯುತ್ತಾರೆ.

ಹಬ್ಬ ಮುಗಿದು ನಾಲ್ಕು ದಿನಕ್ಕೆ ನಾವು ಮತ್ತೆ ಆ ಮನೆಗೆ ಹೋಗುತ್ತೇವೆ. ಕಮರುದ್ದೀನ ಚಪ್ಪಲಿ ಬಿಡುವ ಮೊದಲೇ ಬಾಗಿಲಿನಿಂದ ಇಣುಕುತ್ತಾರೆ. ಒಂದು ಮೀನೂ ಕಡಿಮೆಯಾಗಿಲ್ಲ. ಉಸುಕಿನಲ್ಲಿ ಮೂತಿ ತೂರಿಸಿ ಏನನ್ನೋ ಹುಡುಕುತ್ತಿವೆ. ಮೇಲಿನ ಗೂಡಿನಲ್ಲಿ ಸತ್ತ ಫಿಲ್ಟರು ಮೂರೆಳೆ ವಿಭೂತಿ ಹಚ್ಚಿಕೊಂಡು, ಬಾಡಿದ ಚೆಂಡುಹೂವಿನ ಮಾಲೆಯಲ್ಲಿ ಕೂತಿದೆ. ಕಮರುದ್ದೀನ ಅದನ್ನು ಮರಳಿ ಕೇಳಲು ಬಾಯಿ ತೆರೆದರೆ ಮಹಾದೇವಪ್ಪನವರು ಕೈಯಡ್ಡ ಹಿಡಿಯುತ್ತಾರೆ. "ಇಲ್ಲೇ ಇರ್ಲಿ. ಮುಂದಿನ ವರ್ಷಕ್ಕೂ ಬೇಕಲ್ಲ."

ಹೊರಗೆ ಬಂದು ಮೊಪೆಡ್ಡಿನ ಬಳಿ ನಿಂತಾಗ ನಾನು ಕೇಳುತ್ತೇನೆ: ನಿಮಗೇನು ಬೇಕು ಅನ್ನಿಸುತ್ತದೆ? ಅವರು ಯೋಚಿಸುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಅದೇ ಬೀದಿಯ ಕೊನೆಯ ಮನೆಯ ವಿದ್ಯಾ ಎಂಬುವರು. ಕಳೆದ ವರ್ಷದಿಂದ ಕರೆಯದೇ ಇದ್ದವರು. ಮಹಾದೇವಪ್ಪನವರೇ ನಂಬರು ಕೊಟ್ಟು, 'ಕಮರುದ್ದೀನನ್ನ ಬಿಟ್ಟು ಬ್ಯಾರೇಯವ್ರನ್ನ ಕರೀಬ್ಯಾಡ' ಎಂದರಂತೆ. ವಿದ್ಯಾ ಅವರೂ ಹಬ್ಬಕ್ಕೆ ಫಿಲ್ಟರು ತೊಳೆದು ಪೂಜೆಗಿಟ್ಟಿದ್ದರಂತೆ. ಈಗ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆಯಂತೆ.

"ಮೀನಿಗೆ ಏನೂ ತಿನ್ನಾಕ ಹಾಕಬ್ಯಾಡ್ರಿ. ಒಂದ ಬಕೆಟ್ ನೀರ ತಗದ, ನಿನ್ನೆ ಹಿಡಿದಿಟ್ಟ ನೀರ ಹಾಕ್ರಿ. ಬಂದೆ" ಎಂದು ಫೋನು ಕಿಸೆಗಿಟ್ಟು, ಕಮರುದ್ದೀನ ಉಸುಕಿನ ಚೀಲದ ಹಗ್ಗ ಬಿಗಿಯುತ್ತಾರೆ. ಮುಖದಲ್ಲಿ ಸಿಟ್ಟಿದೆ. ಆದರೆ ವರ್ಷವಿಡೀ ಸುತ್ತು ಹಾಕಿ ತಪ್ಪಿಸಿಕೊಂಡು ಹೋಗುತ್ತಿದ್ದ ಆ ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸುತ್ತಾರೆ.

"ಏನ ಬೇಕು ಅಂತ ಕೇಳಿದ್ರಲ್ರಿ," ಎನ್ನುತ್ತಾರೆ, ಮೊಪೆಡ್ಡು ಒದೆಯುತ್ತ. "ಫಿಲ್ಟರ್‌ಗೆ ರಜಾ ಕೊಡ್ತಾರ. ಆ ರಜಾ ನನಗ ಕೊಡಾಕ ಹೇಳ್ರಿ."